ವಯಸ್ಸಾದ ನಾಯಿಯ ಆರೈಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ನಾಯಿ ಮೊದಲಿನ ಹಾಗೆ ಓಡಾಡ್ತಿಲ್ಲ, ಮೆಟ್ಟಿಲು ಹತ್ತೋಕೆ ಹಿಂದೆ ಮುಂದೆ ನೋಡುತ್ತೆ ಅನ್ನುವವರು ಕೇಳುವ ಪ್ರಶ್ನೆಗಳಿವು. ನಾನು ಡಾಕ್ಟರ್ ಅಲ್ಲ. ಮುದಿ ನಾಯಿಗಳನ್ನು ಸಾಕಿ, ಪಶುವೈದ್ಯರನ್ನು ಕೇಳಿ ಕೇಳಿ ಕಲಿತದ್ದನ್ನು ಬರೆದಿದ್ದೇನೆ. ಮಾತ್ರೆ, ಡೋಸ್ ವಿಷಯದಲ್ಲಿ ನಿಮ್ಮ ನಾಯಿಯನ್ನು ಮುಟ್ಟಿ ನೋಡಿದ ಡಾಕ್ಟರ ಮಾತೇ ಕೊನೆ.

ಎಷ್ಟು ವರ್ಷಕ್ಕೆ ನಾಯಿಗೆ ವಯಸ್ಸಾಯ್ತು ಅಂತ ಲೆಕ್ಕ?

ಗಾತ್ರದ ಮೇಲೆ ಹೋಗುತ್ತದೆ. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್ ಥರದ ಭಾರಿ ನಾಯಿಗಳಿಗೆ 6–7ಕ್ಕೇ ಮುಪ್ಪು ಶುರು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಿಗೆ 8ರ ಹೊತ್ತಿಗೆ. ಪಾಮರೇನಿಯನ್, ಡ್ಯಾಶ್‌ಹುಂಡ್‌ನಂಥ ಚಿಕ್ಕ ನಾಯಿಗಳು, ನಮ್ಮ ನಾಟಿ ನಾಯಿಗಳು 10 ದಾಟುವವರೆಗೂ ಗಟ್ಟಿಯಾಗಿರುವುದು ಸಾಮಾನ್ಯ. ನಾಯಿಯ ಒಂದು ವರ್ಷ ಅಂದರೆ ಮನುಷ್ಯರ ಏಳು ವರ್ಷ ಅನ್ನುವ ಲೆಕ್ಕ ಎಲ್ಲ ನಾಯಿಗೂ ಹೊಂದುವುದಿಲ್ಲ.

ನಮ್ಮ ನಾಯಿ ನಿಧಾನ ಆಗಿದೆ. ವಯಸ್ಸಾಯ್ತಲ್ಲ, ಅಷ್ಟೇ ಅಲ್ವಾ?

ಇಲ್ಲ, ಅಷ್ಟೇ ಅಲ್ಲ. "ವಯಸ್ಸಾಯ್ತು ಬಿಡಿ" ಅನ್ನುವ ಒಂದು ಮಾತಿನಿಂದ ಎಷ್ಟೋ ನಾಯಿಗಳು ವಾಸಿಯಾಗುವ ನೋವನ್ನು ಸುಮ್ನೆ ತಿಂದುಕೊಂಡು ಮಲಗಿರುತ್ತವೆ. ನಿಧಾನದ ಹಿಂದೆ ಬಹಳ ಸಲ ಒಂದು ಕಾಯಿಲೆ ಇರುತ್ತದೆ, ಅದಕ್ಕೆ ಮದ್ದೂ ಇರುತ್ತದೆ.

ಜಾಸ್ತಿ ಕಾಣುವುದು ಕೀಲುನೋವು, ಅಂದರೆ ಆರ್ಥ್ರೈಟಿಸ್. ಎದ್ದ ತಕ್ಷಣ ನಾಲ್ಕು ಹೆಜ್ಜೆ ಬಿಗಿಯಾಗಿ ಹಾಕಿ, ಆಮೇಲೆ ಸ್ವಲ್ಪ ಸಲೀಸಾಗಿ ನಡೆಯುತ್ತದೆ. ಚಳಿಗಾಲದ ಬೆಳಗ್ಗೆ ಇನ್ನೂ ಬಿಗಿ. ಕೆಲವು ಲ್ಯಾಬ್, ಶೆಫರ್ಡ್‌ಗಳಲ್ಲಿ ಸೊಂಟದ ಕೀಲು ಮರಿಯಾಗಿದ್ದಾಗಿನಿಂದಲೇ ಸಡಿಲವಾಗಿದ್ದು, ವಯಸ್ಸಾದ ಮೇಲೆ ಅದು ಕಾಡುತ್ತದೆ.

ನಮ್ಮ ಕಡೆ ಮರೆಯಬಾರದ ಇನ್ನೊಂದು ಅಂದರೆ ಉಣ್ಣಿ ಜ್ವರ. ಎರ್ಲಿಕಿಯಾ, ಬಬೇಸಿಯಾ ಅನ್ನುವ ಸೋಂಕುಗಳು ಉಣ್ಣಿ ಕಚ್ಚಿ ಬರುತ್ತವೆ. ಇವತ್ತು ಈ ಕಾಲು, ನಾಳೆ ಆ ಕಾಲು ಕುಂಟುವುದು, ಮಂಕು, ಊಟ ಬಿಡುವುದು, ಒಸಡು ಬಿಳಿಚಿಕೊಳ್ಳುವುದು, ಕೆಲವೊಮ್ಮೆ ಮೂಗಿನಿಂದ ರಕ್ತ. ಮೈಮೇಲೆ ಒಂದೂ ಉಣ್ಣಿ ಕಾಣದಿದ್ದರೂ ಬಂದಿರಬಹುದು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ ಬಂದರೆ ಡಾಕ್ಟರಿಗೆ ಮೊದಲ ಅನುಮಾನ ಇದರ ಮೇಲೇ. ಎರ್ಲಿಕಿಯಾಕ್ಕೆ ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ವಾರದೊಳಗೆ ನಾಯಿ ಚುರುಕಾಯ್ತು ಅಂತ ಅರ್ಧಕ್ಕೆ ನಿಲ್ಲಿಸಬೇಡಿ.

ಥೈರಾಯ್ಡ್ ಕಡಿಮೆಯಾದರೂ ನಾಯಿ ಮಂಕಾಗಿ, ದಪ್ಪಗಾಗಿ, ಕೂದಲು ಉದುರಿಸಿಕೊಳ್ಳುತ್ತದೆ. ಹೃದಯದ ತೊಂದರೆಯಲ್ಲಿ ರಾತ್ರಿ ಕೆಮ್ಮು, ಬೇಗ ಸುಸ್ತು. ಅದಕ್ಕೇ ವಯಸ್ಸಾದ ನಾಯಿಗೆ ಆರು ತಿಂಗಳಿಗೊಮ್ಮೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ ಅನ್ನುವುದು.

ನೋವಿದ್ದರೆ ಕುಯ್‌ಗುಡಬೇಕಿತ್ತಲ್ಲ? ಅದು ಸದ್ದೇ ಮಾಡಲ್ಲ.

ಹಳೆಯ ನೋವಿಗೆ ನಾಯಿ ಸದ್ದು ಮಾಡುವುದು ಅಪರೂಪ. ಬೇರೆ ಕಡೆ ನೋಡಿ. ಒಂದೇ ಜಾಗವನ್ನು ನೆಕ್ಕಿ ನೆಕ್ಕಿ ಕೂದಲು ಕಂದಾಗಿದೆಯಾ? ಗೇಟಿನ ಸದ್ದಿಗೆ ಎದ್ದು ಬರುತ್ತಿದ್ದದ್ದು ಈಗ ಮಲಗಿದಲ್ಲೇ ಬಾಲ ಆಡಿಸುತ್ತಾ? ಮಲವಿಸರ್ಜನೆಗೆ ಕೂತಲ್ಲಿ ಕೂರಲಾರದೆ ನಡೀತಾ ನಡೀತಾ ಹಾಕುತ್ತಾ? ಮಕ್ಕಳು ಸೊಂಟ ಮುಟ್ಟಿದರೆ ಗುರ್ ಅನ್ನುತ್ತಾ? ನಿಂತಾಗ ಮೈಭಾರವನ್ನೆಲ್ಲ ಮುಂಗಾಲಿಗೆ ಹಾಕಿ, ತೊಡೆ ಸಣ್ಣಗಾಗಿ ಎದೆ ಮಾತ್ರ ಅಗಲ ಕಾಣುವ ನಾಯಿಗೆ ಹಿಂಗಾಲು ನೋಯುತ್ತಿದೆ ಅಂತಲೇ ತಿಳಿಯಿರಿ.

ಮನೆಯಲ್ಲಿ ಏಳುವಾಗ, ನಡೆಯುವಾಗ ಮೊಬೈಲಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಕ್ಲಿನಿಕ್ಕಿಗೆ ಹೋದರೆ ಗಾಬರಿಗೆ ಎಲ್ಲ ನಾಯಿಯೂ ನೆಟ್ಟಗೆ ನಡೆದು ತೋರಿಸುತ್ತದೆ. ಡಾಕ್ಟರಿಗೆ ನಿಮ್ಮ ವಿಡಿಯೋದಿಂದಲೇ ಜಾಸ್ತಿ ಗೊತ್ತಾಗುವುದು.

ಮನೆಯಲ್ಲಿರುವ ಡೋಲೋ ಅಥವಾ ಬ್ರೂಫೆನ್ ಅರ್ಧ ಕೊಡಬಹುದಾ?

ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಹೆಚ್ಚಾದರೆ ಲಿವರ್‌ಗೆ ಅಪಾಯ. ಇವೆರಡೂ ಸೇರಿದ ಮಾತ್ರೆಯಂತೂ ಮುಟ್ಟಲೇಬೇಡಿ.

ನಾಯಿಗೆ ಕೊಡುವ ನೋವಿನ ಔಷಧಿಗಳೇ ಬೇರೆ ಇವೆ. ಮೆಲಾಕ್ಸಿಕಾಮ್, ಕಾರ್ಪ್ರೊಫೆನ್, ನರದ ನೋವಿದ್ದರೆ ಗ್ಯಾಬಾಪೆಂಟಿನ್. ಆದರೆ ಮೆಲಾಕ್ಸಿಕಾಮ್ ಮನುಷ್ಯರಿಗೂ ಬರುತ್ತಲ್ಲ, ಮೆಡಿಕಲ್ ಶಾಪಲ್ಲೇ ತಗೋತೀನಿ ಅನ್ನಬೇಡಿ. ದಿನವೂ ಕೊಡುವಾಗ 10 ಕೆಜಿ ನಾಯಿಗೆ ಸಾಮಾನ್ಯವಾಗಿ ಹೇಳುವ ಡೋಸ್ ದಿನಕ್ಕೆ ಸುಮಾರು 1 ಮಿಲಿಗ್ರಾಂ. ಅಂಗಡಿಯ ಮಾತ್ರೆ 7.5 ಅಥವಾ 15 ಮಿಲಿಗ್ರಾಂ. ಎಷ್ಟು ಸಲೀಸಾಗಿ ಓವರ್‌ಡೋಸ್ ಆಗುತ್ತೆ ನೋಡಿ. ಶುರು ಮಾಡುವ ಮೊದಲು ಕಿಡ್ನಿ, ಲಿವರ್ ಪರೀಕ್ಷೆ ಆಗಿರಬೇಕು. ಖಾಲಿ ಹೊಟ್ಟೆಗೆ ಕೊಡಬಾರದು. ಸ್ಟೀರಾಯ್ಡ್ ಜೊತೆ ಕೊಡಲೇಬಾರದು. ವಾಂತಿ, ಊಟ ಬಿಡುವುದು, ಕಪ್ಪು ಟಾರಿನಂಥ ಮಲ ಕಂಡರೆ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಎಣ್ಣೆ ತಿಕ್ಕಬಹುದಾ? ಬಾಮ್? ಕ್ಯಾಲ್ಸಿಯಂ ಟಾನಿಕ್?

ಬಾಮ್, ನೋವಿನ ಸ್ಪ್ರೇ ಬೇಡ. ನೀವು ಹಚ್ಚಿದ್ದನ್ನು ಅದು ನೆಕ್ಕುತ್ತದೆ. ಹಚ್ಚಿದ ಮದ್ದು ಹೊಟ್ಟೆಗೆ ಹೋದರೆ ಮಾತ್ರೆ ತಿಂದಷ್ಟೇ ಕೆಟ್ಟದು. ಹರಳೆಣ್ಣೆಯೂ ನೆಕ್ಕಿದರೆ ಭೇದಿ. ಬರಿಗೈಯಲ್ಲಿ ಮೆತ್ತಗೆ ತೊಡೆ, ಭುಜ ಒತ್ತಿಕೊಡಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹತ್ತು ನಿಮಿಷ ಶಾಖ ಕೊಡಿ. ಮೊದಲು ಬಟ್ಟೆಯನ್ನು ನಿಮ್ಮ ಮುಂಗೈಗೆ ಇಟ್ಟು ಬಿಸಿ ನೋಡಿ.

ಕ್ಯಾಲ್ಸಿಯಂ ಟಾನಿಕ್ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಕಾಲು ನೋವು ಅಂದ ಕೂಡಲೇ ಅಂಗಡಿಯವರು ಬಾಟಲಿ ಕೈಗಿಡುತ್ತಾರೆ. ಸವೆದ ಕೀಲಿಗೆ ಕ್ಯಾಲ್ಸಿಯಂನಿಂದ ಏನೂ ಆಗುವುದಿಲ್ಲ. ಕೀಲಿಗೆ ಒಳ್ಳೇದು ಅಂತ ಮಾರುವ ಗ್ಲುಕೋಸಮೈನ್‌ಗೂ ಪುರಾವೆ ತೆಳು. ಮೀನೆಣ್ಣೆಯ ಒಮೆಗಾ-3ಕ್ಕೆ ಸ್ವಲ್ಪ ಗಟ್ಟಿ ಪುರಾವೆ ಇದೆ, ಅದನ್ನೂ ಡೋಸ್ ಕೇಳಿಕೊಂಡು ಕೊಡಿ.

ಟೈಲ್ಸ್ ಮೇಲೆ ಜಾರಿ ಬೀಳುತ್ತೆ. ಏನು ಮಾಡೋದು?

ಈ ಪಟ್ಟಿಯಲ್ಲಿ ಕಡಿಮೆ ಖರ್ಚಿಗೆ ಜಾಸ್ತಿ ಲಾಭ ಸಿಗುವುದು ಇಲ್ಲೇ. ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್ ನೆಲದ ಮೇಲೆ ಮುದಿ ನಾಯಿಗೆ ಏಳುವುದೇ ಒಂದು ಯುದ್ಧ. ಕಾಲು ನಾಲ್ಕೂ ದಿಕ್ಕಿಗೆ ಜಾರುತ್ತವೆ. ಎರಡು ಸಲ ಬಿದ್ದ ಮೇಲೆ ಹೆದರಿ ಏಳುವುದನ್ನೇ ಬಿಡುತ್ತದೆ. ಎದ್ದಾಡದಿದ್ದರೆ ಮಾಂಸಖಂಡ ಕರಗಿ ಇನ್ನೂ ಏಳಲಾಗುವುದಿಲ್ಲ.

ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಒಂದು ದಾರಿಯುದ್ದಕ್ಕೂ ರಬ್ಬರ್ ಮ್ಯಾಟ್ ಅಥವಾ ಹಳೆಯ ಯೋಗ ಮ್ಯಾಟ್ ಹಾಸಿ. ತೆಂಗಿನ ನಾರಿನ ಮ್ಯಾಟೂ ಆಗುತ್ತದೆ, ಕೆಳಗೆ ರಬ್ಬರ್ ಇರಬೇಕು ಅಷ್ಟೇ. ಬರಿ ಗೋಣಿಚೀಲ, ಬೆಡ್‌ಶೀಟ್ ಹಾಕಿದರೆ ಅದೇ ಜಾರುತ್ತದೆ. ಪಾದದಡಿ ಬೆರಳ ಸಂದಿಯಲ್ಲಿ ಬೆಳೆದ ಕೂದಲನ್ನು ಟ್ರಿಮ್ ಮಾಡಿ. ಉಗುರು ಕತ್ತರಿಸಿ. ನಡೆಯುವಾಗ ಟಿಕ್ ಟಿಕ್ ಸದ್ದು ಬಂದರೆ ಉಗುರು ಉದ್ದ ಆಗಿದೆ ಅಂತ ಅರ್ಥ. ಊಟದ ಬಟ್ಟಲನ್ನು ಮಣೆ ಮೇಲಿಟ್ಟರೆ ಕತ್ತಿಗೆ ಆರಾಮ. ನೀರು ಎರಡು ಮೂರು ಕಡೆ ಇಡಿ.

ಮೆಟ್ಟಿಲು ಇಳಿಸೋದು ಹೇಗೆ? ನಮ್ಮದು ಲಿಫ್ಟ್ ಇಲ್ಲದ ಮನೆ, ನಾಯಿ 30 ಕೆಜಿ.

ಹಳೆಯ ಟರ್ಕಿ ಟವೆಲನ್ನು ಉದ್ದಕ್ಕೆ ಮಡಚಿ, ಹಿಂಗಾಲಿನ ಮುಂದೆ ಹೊಟ್ಟೆಯಡಿ ಹಾಯಿಸಿ, ಎರಡು ತುದಿಯನ್ನೂ ಬೆನ್ನಿನ ಮೇಲೆ ಒಂದೇ ಕೈಯಲ್ಲಿ ಹಿಡಿಯಿರಿ. ಎತ್ತಬೇಡಿ, ಹಿಂಭಾಗದ ಭಾರ ಮಾತ್ರ ನೀವು ತಗೊಳ್ಳಿ. ಗಂಡು ನಾಯಿಯಾದರೆ ಮೂತ್ರದ ಜಾಗ ಮುಚ್ಚದಂತೆ ನೋಡಿಕೊಳ್ಳಿ. ಹಿಡಿಕೆ ಇರುವ ಹಾರ್ನೆಸ್ ಆನ್‌ಲೈನಲ್ಲಿ ಸಿಗುತ್ತದೆ, ದಿನವೂ ಬೇಕಾದರೆ ಅದಕ್ಕೆ ದುಡ್ಡು ಹಾಕುವುದು ವಾಸಿ. ಪೂರ್ತಿ ಎತ್ತಲೇಬೇಕಾದರೆ ಒಂದು ಕೈ ಎದೆಯಡಿ, ಇನ್ನೊಂದು ತೊಡೆಯ ಹಿಂದೆ. ಹೊಟ್ಟೆಯ ನಡುವೆ ಮಾತ್ರ ಹಿಡಿದು ಎತ್ತಬೇಡಿ. ಮತ್ತೆ, ನಿಮ್ಮ ಸೊಂಟವೂ ಮುಖ್ಯ. ಮಂಡಿ ಬಗ್ಗಿಸಿ ಎತ್ತಿ.

ವಾಕಿಂಗ್ ನಿಲ್ಲಿಸಬೇಕಾ?

ನಿಲ್ಲಿಸಬೇಡಿ, ತುಂಡು ಮಾಡಿ. ಬೆಳಗ್ಗೆ ಒಂದೇ ಸಲ ಮುಕ್ಕಾಲು ಗಂಟೆ ಬದಲು ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ. ಮೂಸಿ ನೋಡೋಕೆ ಬಿಡಿ, ಎಳೆಯಬೇಡಿ. ಮಾರನೇ ದಿನ ಜಾಸ್ತಿ ಕುಂಟಿದರೆ ಹಿಂದಿನ ದಿನ ಜಾಸ್ತಿಯಾಯ್ತು ಅಂತ ಲೆಕ್ಕ. ಚೆಂಡು ಎಸೆದು ಹಾರಿಸುವುದನ್ನು ಮಾತ್ರ ಬಿಟ್ಟುಬಿಡಿ. ಬೆಂಗಳೂರಿನಂಥ ದೊಡ್ಡ ಊರಲ್ಲಿ ನೀರಿನ ಟ್ರೆಡ್‌ಮಿಲ್ ಇರುವ ಫಿಸಿಯೋಥೆರಪಿ ಕ್ಲಿನಿಕ್‌ಗಳಿವೆ. ಕೀಲಿಗೆ ಭಾರ ಬೀಳದೆ ಕಾಲಿಗೆ ಬಲ ಬರುತ್ತದೆ, ಕೈಲಾದರೆ ಮಾಡಿಸಿ.

ಹಿಂಗಾಲು ಎಳೀತಾ ನಡೆಯುತ್ತೆ. ಇದೂ ಕೀಲುನೋವಾ?

ಇದು ಬೇರೆ ಇರಬಹುದು. ನಾಯಿ ನಿಂತಿರುವಾಗ ಹಿಂಗಾಲಿನ ಪಾದವನ್ನು ಮೆಲ್ಲಗೆ ಮಡಚಿ, ಮೇಲ್ಭಾಗ ನೆಲಕ್ಕೆ ತಾಗುವಂತೆ ಇಟ್ಟು ನೋಡಿ. ಸರಿ ಇರುವ ನಾಯಿ ತಕ್ಷಣ ಪಾದ ಸರಿಮಾಡಿಕೊಳ್ಳುತ್ತದೆ. ಹಾಗೇ ನಿಂತರೆ ಪಾದ ಎಲ್ಲಿದೆ ಅನ್ನುವ ಸುದ್ದಿ ಮಿದುಳಿಗೆ ಹೋಗುತ್ತಿಲ್ಲ, ಅಂದರೆ ತೊಂದರೆ ನರದ್ದು. ನಡುವಿನ ಬೆರಳುಗಳ ಉಗುರು ಮೇಲ್ಭಾಗದಲ್ಲಿ ಸವೆದಿರುತ್ತದೆ, ರಸ್ತೆಯಲ್ಲಿ ನಡೆದರೆ ಸರ್ ಸರ್ ಅಂತ ಎಳೆಯುವ ಸದ್ದು ಕೇಳುತ್ತದೆ.

ಜರ್ಮನ್ ಶೆಫರ್ಡ್‌ಗಳಲ್ಲಿ ನೋವೇ ಇಲ್ಲದೆ ತಿಂಗಳುಗಟ್ಟಲೆ ನಿಧಾನವಾಗಿ ಹಿಂಗಾಲು ಸೋಲುವ ಒಂದು ಕಾಯಿಲೆ ಇದೆ, ಡಿಜೆನರೇಟಿವ್ ಮೈಲೋಪಥಿ. ವಾಸಿಯಾಗುವುದಿಲ್ಲ, ಆದರೆ ವ್ಯಾಯಾಮದಿಂದ ನಡೆಯುವ ಕಾಲವನ್ನು ಎಳೆಯಬಹುದು, ಆಮೇಲೆ ಗಾಲಿಬಂಡಿ ಕಟ್ಟಬಹುದು. ಡ್ಯಾಶ್‌ಹುಂಡ್‌ನಂಥ ಉದ್ದ ಬೆನ್ನಿನ ನಾಯಿ ಇದ್ದಕ್ಕಿದ್ದಂತೆ ಹಿಂಗಾಲು ಎಳೆಯತೊಡಗಿದರೆ ಅದು ಬೆನ್ನುಮೂಳೆಯ ಡಿಸ್ಕ್ ತೊಂದರೆ ಇರಬಹುದು. ನಾಳೆ ನೋಡೋಣ ಅನ್ನಬೇಡಿ. ಗಂಟೆಗಳ ಲೆಕ್ಕ.

ತಲೆ ವಾಲಿಸಿಕೊಂಡು ಬಿದ್ದುಬಿಟ್ಟಿತು, ಕಣ್ಣು ಪಟಪಟ ಆಡ್ತಿದೆ. ಸ್ಟ್ರೋಕಾ?

ನೋಡಿದವರ ಜೀವ ಬಾಯಿಗೆ ಬರುತ್ತದೆ, ನಿಜ. ಆದರೆ ಮುದಿ ನಾಯಿಗಳಲ್ಲಿ ಇದು ಹೆಚ್ಚಾಗಿ ಒಳಕಿವಿಯ ಸಮತೋಲ ತಪ್ಪಿದ್ದು, ವೆಸ್ಟಿಬ್ಯುಲರ್ ತೊಂದರೆ. ಬಹಳಷ್ಟು ನಾಯಿಗಳು ಎರಡು ಮೂರು ದಿನದಲ್ಲಿ ಚೇತರಿಸಿಕೊಳ್ಳತೊಡಗಿ, ಎರಡು ಮೂರು ವಾರದಲ್ಲಿ ಸರಿಹೋಗುತ್ತವೆ. ತಲೆ ಸ್ವಲ್ಪ ವಾಲಿಕೊಂಡೇ ಉಳಿಯಬಹುದು. ಡಾಕ್ಟರಿಗೆ ತೋರಿಸಿ, ಕಿವಿ ಸೋಂಕಿದೆಯಾ ನೋಡಿಸಿ. ಮೊದಲ ದಿನವೇ "ಇನ್ನಾಗಲ್ಲ, ಇಂಜೆಕ್ಷನ್ ಕೊಟ್ಟುಬಿಡಿ" ಅನ್ನುವ ತೀರ್ಮಾನಕ್ಕೆ ಬರಬೇಡಿ.

ಊಟ ಏನು ಕೊಡಬೇಕು?

ಮೊದಲು ತೂಕ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಊಟ ಕೊಟ್ಟು ಜೀವನಪೂರ್ತಿ ನೋಡಿದರು. 2002ರಲ್ಲಿ ಫಲಿತಾಂಶ ಬಂತು. ಕಡಿಮೆ ತಿಂದವು ಹೆಚ್ಚುಕಡಿಮೆ ಎರಡು ವರ್ಷ ಜಾಸ್ತಿ ಬದುಕಿದ್ದವು, ಕೀಲುನೋವೂ ತಡವಾಗಿ ಬಂದಿತ್ತು. ಪಕ್ಕೆಲುಬು ಕೈಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಮುಧೋಳ ನಾಯಿಗೆ ಮಾತ್ರ ಪಕ್ಕೆಲುಬು ಕಂಡರೂ ಅದು ಅದರ ಮೈಕಟ್ಟು, ತುಂಬಿಸೋಕೆ ಹೋಗಬೇಡಿ.

ಬರಿ ಅನ್ನ ಹಾಲು, ಮೊಸರನ್ನದಲ್ಲಿ ಹೊಟ್ಟೆ ತುಂಬುತ್ತದೆ, ಮಾಂಸಖಂಡ ಉಳಿಯುವುದಿಲ್ಲ. ವಯಸ್ಸಾದ ನಾಯಿಗೆ ಪ್ರೋಟೀನ್ ಕಡಿಮೆ ಅಲ್ಲ, ಚೆನ್ನಾಗಿಯೇ ಬೇಕು. ಬೇಯಿಸಿದ ಕೋಳಿ, ಮೊಟ್ಟೆ, ಮೀನು ಆಗುತ್ತದೆ. ಕಿಡ್ನಿ ಕಾಯಿಲೆ ಇದ್ದರೆ ಲೆಕ್ಕ ಬದಲಾಗುತ್ತದೆ, ಆಗ ಡಾಕ್ಟರು ಹೇಳಿದ ಪಥ್ಯವೇ ಸರಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಮೂಳೆ ಬೇಡ. ಹಬ್ಬದ ದಿನ ಪಾಯಸ ಹಾಕುವ ಅಜ್ಜಿಯರಿಗೂ ದ್ರಾಕ್ಷಿ ವಿಷಯ ಹೇಳಿಡಿ.

ಗಟ್ಟಿ ತಿಂಡಿ ಬಿಟ್ಟು ಮೆತ್ತಗಿನದ್ದು ಮಾತ್ರ ತಿಂದರೆ ಬಾಯಿ ನೋಡಿ. ಹಲ್ಲು ಕೊಳೆತಿರಬಹುದು. 12 ವರ್ಷಕ್ಕೆ ಅರಿವಳಿಕೆ ಕೊಡ್ತಾರಾ ಅಂತ ಹೆದರುತ್ತಾರೆ. ರಕ್ತ, ಹೃದಯ ಪರೀಕ್ಷಿಸಿ ಕೊಡುತ್ತಾರೆ. ವಯಸ್ಸೊಂದೇ ಅಡ್ಡಿ ಅಲ್ಲ.

ನೀರು ತುಂಬಾ ಕುಡೀತಿದೆ. ಒಳ್ಳೇದಲ್ವಾ?

ಬೇಸಿಗೆ ಅಲ್ಲದೆ ಬಟ್ಟಲು ಮತ್ತೆ ಮತ್ತೆ ಖಾಲಿಯಾಗುತ್ತಿದ್ದರೆ ಕಿಡ್ನಿ, ಸಕ್ಕರೆ ಕಾಯಿಲೆ, ಕುಶಿಂಗ್ಸ್ (ಕಾರ್ಟಿಸಾಲ್ ಹಾರ್ಮೋನ್ ಜಾಸ್ತಿಯಾಗುವ ಕಾಯಿಲೆ) ಇವುಗಳಲ್ಲೊಂದು ಇರಬಹುದು. ಸಂತಾನಹರಣ ಆಪರೇಷನ್ ಆಗದ ಹೆಣ್ಣು ನಾಯಿಯಾದರೆ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ. ಹೀಟ್ ಮುಗಿದ ಕೆಲವು ವಾರಗಳಲ್ಲಿ ಬರುತ್ತದೆ, ಪ್ರಾಣ ತೆಗೆಯುತ್ತದೆ. ನೀರು ಮಾತ್ರ ಕಡಿಮೆ ಮಾಡಬೇಡಿ, ಪರೀಕ್ಷೆ ಮಾಡಿಸಿ.

ಮಲಗಿದಲ್ಲೇ ಉಚ್ಚೆ ಆಗುತ್ತೆ. ಡೈಪರ್ ಹಾಕಲಾ?

ಬೈಯಬೇಡಿ, ಅದಕ್ಕೆ ಗೊತ್ತೇ ಆಗಿರುವುದಿಲ್ಲ. ಆಪರೇಷನ್ ಆದ ಹೆಣ್ಣು ನಾಯಿಗಳಲ್ಲಿ ಇದಕ್ಕೆ ಮಾತ್ರೆ ಇದೆ. ಮೂತ್ರದ ಸೋಂಕು ಇದ್ದರೂ ಹೀಗಾಗುತ್ತದೆ. ಮೆಡಿಕಲ್ ಶಾಪಿನ ಅಂಡರ್‌ಪ್ಯಾಡ್ ಹಾಸಿ. ಡೈಪರಿಗೆ ಬಾಲದ ತೂತು ಮಾಡಿ ಹಾಕಬಹುದು, ಆದರೆ ಇಡೀ ದಿನ ಬಿಟ್ಟರೆ ಚರ್ಮ ಬೆಂದುಹೋಗುತ್ತದೆ. ಬದಲಿಸಿದಾಗೆಲ್ಲ ಒರೆಸಿ, ಒಣಗಿಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಡಿ.

ಪೂರ್ತಿ ಹಾಸಿಗೆ ಹಿಡಿದಿದೆ. ಹುಣ್ಣು ಆಗದ ಹಾಗೆ ಹೇಗೆ?

ದಪ್ಪ ಫೋಮ್ ಹಾಸಿಗೆ, ಮೇಲೆ ರೆಕ್ಸಿನ್, ಅದರ ಮೇಲೆ ಒಣಬಟ್ಟೆ. ಎರಡರಿಂದ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಮೊಣಕೈ, ಸೊಂಟದ ಮೂಳೆ, ಭುಜ ದಿನವೂ ನೋಡಿ. ಕೆಂಪಾದರೆ ಅಲ್ಲಿ ಒತ್ತಡ ಬೀಳದಂತೆ ಸುತ್ತ ಬಟ್ಟೆ ಸುರುಳಿ ಇಡಿ. ಮೈಮೇಲೆ ಮಾಂಸ ಕಡಿಮೆ ಇರುವ ಮುಧೋಳದಂಥ ನಾಯಿಗೆ ಹುಣ್ಣು ಬಹಳ ಬೇಗ ಆಗುತ್ತದೆ.

ಮಳೆಗಾಲದಲ್ಲಿ ನೊಣ ನೋಡಿಕೊಳ್ಳಿ. ಒದ್ದೆ ಕೂದಲು, ಸಣ್ಣ ಗಾಯ ಸಿಕ್ಕರೆ ಮೊಟ್ಟೆಯಿಟ್ಟು ಒಂದೇ ದಿನದಲ್ಲಿ ಹುಳ ಆಗುತ್ತದೆ. ಬಾಲದ ಬುಡ, ತೊಡೆಯ ಸಂದಿಯ ಕೂದಲನ್ನು ಗಿಡ್ಡ ಮಾಡಿಸಿ. ಸೊಳ್ಳೆಪರದೆ ಕಟ್ಟಿ. ಕೆಟ್ಟ ವಾಸನೆ ಬಂದರೆ ಕೂದಲು ಬಿಡಿಸಿ ನೋಡಿ. ಹುಳ ಬಿದ್ದಿದ್ದರೆ ಸೀಮೆಎಣ್ಣೆ, ಫಿನಾಯಿಲ್ ಸುರಿಯಬೇಡಿ, ಡಾಕ್ಟರ ಹತ್ತಿರ ತೆಗೆಸಿ.

ರಾತ್ರಿಯೆಲ್ಲ ಓಡಾಡಿ ಊಳಿಡುತ್ತೆ. ಮನೆಯವರಿಗೆ ನಿದ್ದೆಯಿಲ್ಲ.

ಬಾಗಿಲು ತೆರೆಯುವ ಕಡೆ ಬಿಟ್ಟು ಅದರ ಹಿಂಜ್ ಇರುವ ಕಡೆ ಹೋಗಿ ನಿಲ್ಲುವುದು, ಮೂಲೆಯಲ್ಲಿ ಸಿಕ್ಕಿಹಾಕಿಕೊಳ್ಳುವುದು, ಹಗಲು ನಿದ್ದೆ ರಾತ್ರಿ ಎಚ್ಚರ. ಇದು ಮರೆವಿನ ಕಾಯಿಲೆ ಇರಬಹುದು, ಮನುಷ್ಯರ ಅರಳುಮರುಳಿನ ಹಾಗೆ. ಆದರೆ ನೋವಿಗೂ ರಾತ್ರಿ ಹೀಗೇ ಆಡುತ್ತದೆ, ಹಾಗಾಗಿ ಮೊದಲು ಅದನ್ನು ನೋಡಿಸಿ. ಹಗಲು ಬಿಸಿಲಲ್ಲಿ ಸ್ವಲ್ಪ ಓಡಾಡಿಸಿ. ಮಲಗುವ ಮುಂಚೆ ಉಚ್ಚೆಗೆ ಕರೆದೊಯ್ಯಿರಿ. ಒಂದು ಸಣ್ಣ ಲೈಟ್ ಹಾಕಿಡಿ. ಸೋಫಾ, ಹಾಸಿಗೆ ಜಾಗ ಬದಲಿಸಬೇಡಿ. ಅಜ್ಜಿ ಮನೆಯಲ್ಲಿ ಕಟ್ಟಿ ಬರ್ತೀವಿ ಅನ್ನುವುದು ಇಂಥ ನಾಯಿಗೆ ದೊಡ್ಡ ಕಷ್ಟ.

ಕಣ್ಣು ನೀಲಿ ನೀಲಿ ಕಾಣುತ್ತೆ, ಪೊರೆನಾ?

ಮಬ್ಬು ನೀಲಿಯಾಗಿದ್ದು ನಾಯಿ ಸರಿಯಾಗಿ ನೋಡುತ್ತಿದ್ದರೆ ಅದು ವಯಸ್ಸಿನ ಬದಲಾವಣೆ, ತೊಂದರೆಯಿಲ್ಲ. ಬೆಳ್ಳಗೆ ಹಾಲಿನಂತಾಗಿದ್ದರೆ ಪೊರೆ. ಕೆಂಪಾಗಿ ನೋಯುತ್ತಿದ್ದರೆ ಅವತ್ತೇ ತೋರಿಸಿ.

ಬೇಸಿಗೆ, ದೀಪಾವಳಿಗೆ ಏನು ಎಚ್ಚರ?

ಮುದಿ ಲ್ಯಾಬ್ ಉಸಿರಾಡುವಾಗ ಗರಗರ ಸದ್ದು, ಬೊಗಳುವ ದನಿ ಗೊಗ್ಗರು ಆಗಿದ್ದರೆ ಗಂಟಲಿನ ನರ ಸೋತಿರಬಹುದು. ಅಂಥ ನಾಯಿ ಬಿಸಿಲಲ್ಲಿ ಕುಸಿದು ಬೀಳುತ್ತದೆ. ಬೆಳಗ್ಗೆ ಏಳರೊಳಗೆ, ಸಂಜೆ ಹೊತ್ತು ಮುಳುಗಿದ ಮೇಲೆ ಮಾತ್ರ ವಾಕಿಂಗ್, ಕುತ್ತಿಗೆ ಬೆಲ್ಟ್ ಬದಲು ಹಾರ್ನೆಸ್. ಪಟಾಕಿಗೆ ನಡುಗುವ ನಾಯಿಗೆ ಹಬ್ಬಕ್ಕೆ ಎರಡು ವಾರ ಮುಂಚೆಯೇ ಡಾಕ್ಟರಿಗೆ ಹೇಳಿ ಮಾತ್ರೆ ಬರೆಸಿ. ಮಲೆನಾಡಿನವರಿಗೆ ಹೇಳಬೇಕಿಲ್ಲ, ಆದರೂ: ಕಿವಿ ಕೇಳದ ನಾಯಿಯನ್ನು ರಾತ್ರಿ ಅಂಗಳದಲ್ಲಿ ಬಿಡಬೇಡಿ. ಚಿರತೆಗೆ ಅದರಷ್ಟು ಸುಲಭದ್ದು ಇನ್ನಿಲ್ಲ.

ಯಾವಾಗ ಒಂದು ನಿಮಿಷವೂ ಕಾಯಬಾರದು?

ಹೊಟ್ಟೆ ಉಬ್ಬಿ, ವಾಂತಿಗೆ ಒದ್ದಾಡಿದರೂ ಏನೂ ಬಾರದಿದ್ದಾಗ. ಒಸಡು ಬಿಳಿ ಅಥವಾ ನೀಲಿ ಆದಾಗ. ಮೂತ್ರ ಕಟ್ಟಿದಾಗ. ಫಿಟ್ಸ್ ಐದು ನಿಮಿಷ ದಾಟಿದಾಗ. ನಿದ್ದೆಯಲ್ಲಿ ಉಸಿರು ಎಣಿಸಿ ನೋಡಿ. ನಿಮಿಷಕ್ಕೆ 30ರ ಒಳಗಿರಬೇಕು, ಅದಕ್ಕಿಂತ ಸತತವಾಗಿ ಜಾಸ್ತಿ ಇದ್ದರೆ ಹೃದಯ, ಶ್ವಾಸಕೋಶ ನೋಡಿಸಬೇಕು. ಮೈ ಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದು ನಾಯಿಗೆ ಸಹಜ, ಅದನ್ನು ಜ್ವರ ಅಂದುಕೊಳ್ಳಬೇಡಿ.

ನಮ್ಮ ಊರಲ್ಲಿ ನಾಯಿ ಡಾಕ್ಟರೇ ಇಲ್ಲ.

ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಹಸು ನೋಡುವವರೇ ನಾಯಿಯನ್ನೂ ನೋಡುತ್ತಾರೆ. ದೊಡ್ಡ ಪರೀಕ್ಷೆ, ಆಪರೇಷನ್ ಬೇಕಾದರೆ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಹಳೆಯ ರಿಪೋರ್ಟ್, ಕೊಡುತ್ತಿರುವ ಮಾತ್ರೆಯ ಪಟ್ಟಿ ಜೊತೆಗಿರಲಿ.

ದಯಾಮರಣದ ಬಗ್ಗೆ ಯಾವಾಗ ಯೋಚಿಸಬೇಕು? ಪಾಪ ಅಲ್ವಾ?

ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಮಾಡಿದ ಒಂದು ಅಳತೆ ಇದೆ. ನೋವು, ಹಸಿವು, ಮೈಯಲ್ಲಿ ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆ ದಿನ ಜಾಸ್ತಿಯಾ ಅನ್ನುವುದು, ಹೀಗೆ ಏಳು. ಒಂದೊಂದಕ್ಕೆ 10 ಅಂಕ. ಒಟ್ಟು 35 ದಾಟಿದರೆ ಮುಂದುವರಿಸಬಹುದು ಅನ್ನುತ್ತಾರೆ. ನನ್ನ ಮಟ್ಟಿಗೆ ಅಂಕಕ್ಕಿಂತ ಉಪಯೋಗ ಕ್ಯಾಲೆಂಡರಿನದ್ದು. ಒಳ್ಳೆ ದಿನಕ್ಕೆ ಟಿಕ್, ಕೆಟ್ಟ ದಿನಕ್ಕೆ ಇಂಟು. ಮನೆಯವರೆಲ್ಲ ಅದನ್ನು ನೋಡಿ ಮಾತಾಡಿದರೆ ಜಗಳ ಕಡಿಮೆ. ನಡೆಯಲಾಗದಿದ್ದರೂ ಬಾಲ ಆಡಿಸಿ ಊಟ ಕೇಳುವ ನಾಯಿಗೆ ಅವಸರ ಬೇಡ. ನೋವಿನ ಮಾತ್ರೆ ಪೂರ್ತಿ ಕೊಟ್ಟರೂ ಊಟ ಬಿಟ್ಟು ಏದುಸಿರು ಬಿಡುತ್ತಿದ್ದರೆ ಎಳೆಯುವುದು ನಮಗೋಸ್ಕರ, ಅದಕ್ಕಲ್ಲ.

ಇದನ್ನು ಪಶುವೈದ್ಯರೇ ಮಾಡಬೇಕು. ಮೊದಲು ಮತ್ತಿನ ಇಂಜೆಕ್ಷನ್, ನಾಯಿ ನಿದ್ದೆಗೆ ಜಾರಿದ ಮೇಲೆ ಅರಿವಳಿಕೆ ಔಷಧಿಯ ಹೆಚ್ಚಿನ ಡೋಸ್. ಕೆಲವೇ ನಿಮಿಷ. ಕಣ್ಣು ತೆರೆದೇ ಇರುತ್ತದೆ, ಮೈ ಸ್ವಲ್ಪ ಅದುರಬಹುದು, ಮೂತ್ರ ಹೋಗಬಹುದು. ಅದು ನೋವಲ್ಲ. ಮತ್ತಿನ ಇಂಜೆಕ್ಷನ್ ಮೊದಲು ಕೊಡ್ತೀರಾ ಅಂತ ಕೇಳಿಯೇ ಒಪ್ಪಿಕೊಳ್ಳಿ. ಇದು ಪಾಪ ಅಂತ ನನಗನ್ನಿಸುವುದಿಲ್ಲ. ಮುದಿ ನಾಯಿಯನ್ನು ದೂರದ ರಸ್ತೆಯಲ್ಲಿ ಬಿಟ್ಟು ಬರುತ್ತಾರಲ್ಲ, ಅದು ಪಾಪ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಆಮೇಲೆ ಮಣ್ಣು ಮಾಡೋದು ಎಲ್ಲಿ?

ಸ್ವಂತ ಜಾಗವಿದ್ದರೆ ಬಾವಿ, ಬೋರ್‌ವೆಲ್‌ನಿಂದ ದೂರ, ಕನಿಷ್ಠ ನಾಲ್ಕಡಿ ಆಳ. ಮೇಲೆ ಕಲ್ಲು ಹೇರಿ, ಇಲ್ಲದಿದ್ದರೆ ಬೇರೆ ಪ್ರಾಣಿ ಬಗೆಯುತ್ತವೆ. ಬೆಂಗಳೂರಲ್ಲಿ ಸುಮನಹಳ್ಳಿಯಲ್ಲಿ ಪ್ರಾಣಿಗಳ ಚಿತಾಗಾರವಿದೆ, ಹೋಗುವ ಮೊದಲು ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಒಯ್ಯುವ ಮುಂಚೆ ಮೂಸಿ ನೋಡಲು ಬಿಡಿ. ಅದು ಕೆಲವು ದಿನ ಊಟ ಕಡಿಮೆ ಮಾಡಬಹುದು. ಎರಡು ದಿನ ಪೂರ್ತಿ ಬಿಟ್ಟರೆ ಡಾಕ್ಟರಿಗೆ ತೋರಿಸಿ.

ಉಳಿದ ಮಾತ್ರೆ, ಗಾಲಿಬಂಡಿ ಏನು ಮಾಡಲಿ?

ಗಾಲಿಬಂಡಿ, ಹಾರ್ನೆಸ್, ಅಂಡರ್‌ಪ್ಯಾಡನ್ನು ಹತ್ತಿರದ ಪ್ರಾಣಿ ಆಶ್ರಯಕ್ಕೋ ನಿಮ್ಮ ಕ್ಲಿನಿಕ್ಕಿಗೋ ಕೊಡಿ, ಅಲ್ಲಿ ಬೇಕಾದವರು ಇದ್ದೇ ಇರುತ್ತಾರೆ. ಬಂಡಿಯ ಅಳತೆ ಚೀಟಿಯಲ್ಲಿ ಬರೆದು ಅಂಟಿಸಿ. ಮಾತ್ರೆಗಳನ್ನು ಮಾತ್ರ ಪಕ್ಕದ ಮನೆಯ ನಾಯಿಗೆ ಕೊಡಬೇಡಿ.